ಅತ್ತೆಯ ಹಾಸಿಗೆ, ಮಲ್ಲಿಗೆಯ ಮಣ್ಣು

ಕಾಶಿನಾಥನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಅತ್ತೆಯ ಜೊತೆಗಿನ ಫೋನ್ ಮಾತನ್ನು ಬೇಗ ಮುಗಿಸುವ ಚಟ ಮಾತ್ರ ಇತ್ತು. ಈ ಎರಡು ಚಟಗಳ ನಡುವೆ ಗೋಡೆಯೇನೂ ಇಲ್ಲ, ಬರೀ ಒಂದು ತೆಳು ಪರದೆ ಎಂಬುದು ಅವನಿಗೆ ತಿಳಿದದ್ದು ಸಂಕ್ರಾಂತಿಯ ದಿನ.

ಅತ್ತೆ ಸಾಬಮ್ಮ ಲಿಂಗಸುಗೂರಿನ ಹತ್ತಿರದ ಹಳ್ಳಿಯವರು. ಮೂವರು ಹೆಣ್ಣುಮಕ್ಕಳಿಗೂ ಮದುವೆ ಮಾಡಿ ಕಳಿಸುವಾಗ ಹಿತ್ತಲಿನ ಮಲ್ಲಿಗೆಯ ಒಂದೊಂದು ಬೇರುಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದರು. ದೊಡ್ಡವಳ ಮಲ್ಲಿಗೆ ಮಾಳಿಗೆ ಹತ್ತಿತು. ನಡುವಿನವಳ ಮಲ್ಲಿಗೆ ಪಕ್ಕದ ಮನೆಯವರ ಮಾಳಿಗೆಯನ್ನೂ ಹತ್ತಿತು. ಕಿರಿಯವಳಾದ ರೇಣುಕಾಳ ಮಲ್ಲಿಗೆ ಮಾತ್ರ ಹೋದಲ್ಲೆಲ್ಲ ಸತ್ತಿತು. ಪ್ರತಿಸಲವೂ ಸಾಬಮ್ಮ ಹೊಸ ಸಸಿ ಕೊಡುತ್ತಿದ್ದರು, ಜೊತೆಗೆ ಹಳೆಯ ಮಾತನ್ನೂ ಕೊಡುತ್ತಿದ್ದರು: "ನಿನ್ನ ಕೈಯಾಗ ಏನೂ ಹತ್ತಂಗಿಲ್ಲ ಬಿಡವ್ವ."

ಹೈದರಾಬಾದಿನ ನಾಚಾರಂನಲ್ಲಿ, ಮೂರನೆಯ ಅಂತಸ್ತಿನ ಮಾಳಿಗೆಯ ಮೇಲಿರುವ ಎರಡು ಕೋಣೆಯ ಬಾಡಿಗೆ ಮನೆಗೆ ಈಗ ಬಂದಿದ್ದದ್ದು ಅಂಥ ಕೊನೆಯ ಸಸಿ. "ಇದೂ ಸತ್ತರ ಮತ್ತ ಕೇಳಬ್ಯಾಡ" ಎಂದು ಹೇಳಿಯೇ ಕೊಟ್ಟಿದ್ದರು.

ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಅಳಿಯನ ಆರೋಗ್ಯ, ಮಗಳ ಆರೋಗ್ಯ ಎರಡೂ ಆಮೇಲೆ. ಮೊದಲು ಮಲ್ಲಿಗೆಯ ಆರೋಗ್ಯ. ಸಂಕ್ರಾಂತಿಯ ಭಾನುವಾರವೂ ಹಾಗೇ.

"ಮಲ್ಲಿಗಿ ಹೆಂಗೈತಿ ಅಳಿಯಂದ್ರ?"

"ಚಲೋ ಐತ್ರಿ ಅತ್ತಿ."

"ಹೂ ಬಿಟ್ಟೈತೇನು?"

ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು. ರೇಣುಕಾ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. 'ಇಲ್ಲ' ಎಂದರೆ 'ಯಾಕ?' ಬರುತ್ತದೆ, ಆಮೇಲೆ ಚಹಾ ಉಳಿಯುವುದಿಲ್ಲ. ಕಾಶಿನಾಥ ಒಂದು ಕೈಯಲ್ಲಿ ಇಕ್ಕಳ ಹಿಡಿದು ಹೇಳಿಬಿಟ್ಟ:

"ಬಿಟ್ಟೈತ್ರಿ! ಬುಟ್ಟಿಗಟ್ಲೆ! ಕೆಳಗಿನ ಮನಿಯವ್ರಿಗೂ ಹಂಚಾಕತ್ತೀವಿ."

ಆ ಕಡೆಯಿಂದ ಸಾಬಮ್ಮನ ದನಿ ಬಹಳ ನಯವಾಗಿ ಬಂತು. (ಆ ನಯ ಕೇಳಿಯೇ ಅವನು ಎಚ್ಚೆತ್ತುಕೊಳ್ಳಬೇಕಿತ್ತು.)

"ಹಂಗಾದ್ರ ನೋಡಬೇಕಾತು. ಯುಗಾದಿ ಮುಗಿಸ್ಕೊಂಡು ಬರ್ತೀನಿ. ಮೊಣಕಾಲೂ ಭಾಳ ನೋಯಾಕತ್ಯಾವ, ಅಲ್ಲೇ ದೊಡ್ಡ ಡಾಕ್ಟರಿಗೆ ತೋರಿಸಿದಂಗ ಆತು. ದಿನಾ ಹೂ ಮುಡಕೊಂಡು ನಾಕು ದಿನ ಇದ್ದು ಹೋಗ್ತೀನಿ."

ಚಹಾ ಉಕ್ಕಿ ಒಲೆಯೂ ಆರಿಹೋಯಿತು.

ಬಟ್ಟೆ ಹಾಕಿ ಒಳಗೆ ಬಂದ ರೇಣುಕಾ ವಿಷಯ ಕೇಳಿ ಖಾಲಿ ಬಕೀಟನ್ನು ನೆಲಕ್ಕಿಟ್ಟಳು. ಗಂಡನ ಕೈ ಹಿಡಿದು ಮಾಳಿಗೆಯ ಮೂಲೆಗೆ ಕರೆದೊಯ್ದಳು. ಅಲ್ಲಿ ಎಣ್ಣೆಯ ಹಳೆಯ ಡಬ್ಬಿಯಲ್ಲಿ ಮಲ್ಲಿಗೆ ಇತ್ತು. ಎಂದರೆ ಮೂರು ಕಡ್ಡಿಗಳಿದ್ದವು. ಒಂದರ ತುದಿಯಲ್ಲಿ ಒಂದು ಎಲೆ ಇತ್ತು, ಅದೂ ಹಳದಿ.

"ಎಲ್ಲೈತ್ರಿ ಬುಟ್ಟಿ?"

"ರೇಣುಕಾ, ಮಾತಿನ ಭರಕ್ಕ..."

"ಕೆಳಗಿನ ಮನಿಯವ್ರಿಗೆ ಏನ್ ಹಂಚಾಕತ್ತೀರಿ, ಕಡ್ಡಿನೇನು?" ಅವಳು ಬೈಯುತ್ತಾಳೆಂದುಕೊಂಡಿದ್ದ. ಬೈಯಲಿಲ್ಲ. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಹಳದಿ ಎಲೆಯನ್ನು ಮುಟ್ಟಿ ನೋಡಿದಳು. "ಅಕ್ಕಂದಿರ ಮುಂದ ಅವ್ವ ಮತ್ತ ಅದೇ ಮಾತು ಅಂತಾಳ. ನನ್ನ ಕೈಯಾಗ ಏನೂ ಹತ್ತಂಗಿಲ್ಲ ಅಂತಾಳ."

ಹೆಂಡತಿಯ ಬೈಗುಳಕ್ಕೆ ಕಾಶಿನಾಥನ ಹತ್ತಿರ ಔಷಧವಿತ್ತು, ಕಿವಿ ಮುಚ್ಚಿಕೊಂಡರಾಯಿತು. ಈ ಸಣ್ಣ ದನಿಗೆ ಮಾತ್ರ ಅವನ ಹತ್ತಿರ ಏನೂ ಇರಲಿಲ್ಲ. "ಯುಗಾದಿಗೆ ಇದು ಹಸುರಾಗಿರ್ತೈತಿ, ನಾ ಮಾತು ಕೊಡ್ತೀನಿ" ಎಂದುಬಿಟ್ಟ. ಒಂದೇ ಬೆಳಿಗ್ಗೆ ಎರಡು ಸಲ ಬಾಯಿ ಜಾರಿದ ದಿನ ಅದು.

*

ಮೊದಲ ಮಹಡಿಯಲ್ಲಿ ಮೈಸೂರಿನ ಅಹಲ್ಯಾ ಇದ್ದಳು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ಅವಳ ಬಾಲ್ಕನಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿಡಗಳು, ಎಲ್ಲವೂ ಇಂಟರ್ನೆಟ್ ನೋಡಿ ಬೆಳೆಸಿದವು. ಅವಳನ್ನು ಮೇಲೆ ಕರೆತಂದು ಡಬ್ಬಿ ತೋರಿಸಿದ್ದಾಯಿತು. ಅವಳು ಚಮಚದಿಂದ ಮಣ್ಣನ್ನು ಕೆದಕಲು ನೋಡಿದಳು. ಚಮಚ ಬಾಗಿತು.

"ಕಾಶಿನಾಥ್ ಸರ್, ಇದೇನು ಮಣ್ಣಾ, ಸಿಮೆಂಟಾ?"

ಕಾಶಿನಾಥನಿಗೆ ಇದು ನಾಟಿತು. ಏಕೆಂದರೆ ಅದು ಸಾಮಾನ್ಯ ಮಣ್ಣಲ್ಲ. ಅವನ ಸ್ವಂತ ಊರಿನ, ಸ್ವಂತ ಹೊಲದ ಎರೆಮಣ್ಣು. ಕಪ್ಪೆಂದರೆ ಕಪ್ಪು, ಬೆಣ್ಣೆಯಂಥ ಮಣ್ಣು. ಸಸಿ ತಂದ ವರ್ಷ ಅವನು ಒಂದು ಚೀಲ ಎರೆಮಣ್ಣನ್ನು ರಾಯಚೂರಿನಿಂದ ಬಸ್ಸಿನಲ್ಲಿ ಹೇರಿಕೊಂಡು ಬಂದಿದ್ದ. "ಹೈದರಾಬಾದಿನ್ಯಾಗ ಮಣ್ಣು ಸಿಗಂಗಿಲ್ಲೇನ್ರಿ ಯಜಮಾನ್ರ?" ಎಂದು ಕಂಡಕ್ಟರ್ ಕೇಳಿದ್ದ. "ಸಿಗ್ತೈತಿ, ಆದ್ರ ಅದು ಬರೇ ಮಣ್ಣು" ಎಂದು ಕಾಶಿನಾಥ ಉತ್ತರಿಸಿದ್ದ. ಆ ಮಣ್ಣಿನಲ್ಲಿ ಅವನ ಅಪ್ಪ ಜೋಳ ಬೆಳೆದಿದ್ದರು, ಅಜ್ಜ ಹತ್ತಿ ಬೆಳೆದಿದ್ದರು. ಅದರಲ್ಲಿ ಹರಿದ ಕೊಡೆ ನೆಟ್ಟರೂ ಚಿಗುರುತ್ತದೆ ಎಂದು ಅವನು ನಂಬಿದ್ದ.

"ಹೊಲದಲ್ಲಿ ಚೆನ್ನಾಗಿರುತ್ತೆ ಸರ್. ಡಬ್ಬಿಯಲ್ಲಿ ಹಾಕಿದ್ರೆ ನೀರು ಕುಡಿದು ಉಬ್ಬುತ್ತೆ, ಒಣಗಿದ್ರೆ ಕಲ್ಲಾಗುತ್ತೆ. ಬೇರಿಗೆ ಉಸಿರೇ ಆಡಲ್ಲ. ಡಬ್ಬಿಗೆ ತೂತು ಎಲ್ಲಿದೆ?"

"ತೂತ?"

ಅಹಲ್ಯಾ ಡಬ್ಬಿಯನ್ನು ಓರೆ ಮಾಡಿದಳು. ತಳದಿಂದ ಮೇಲೆದ್ದು ಬಂದ ವಾಸನೆಗೆ ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಹೋದ ಮಳೆಗಾಲದ ನೀರು ಇನ್ನೂ ಅಲ್ಲೇ ವಾಸವಾಗಿತ್ತು.

"ಮಣ್ಣು ಹಗುರಾಗಿರಬೇಕು ಸರ್. ಹಾಕಿದ ನೀರು ಬೇಕಾದಷ್ಟು ಉಳಿದು ಬಾಕಿದು ಇಳಿದುಹೋಗಬೇಕು. ನಡುನಡುವೆ ಗಾಳಿಗೆ ಜಾಗ ಇರಬೇಕು. ಬೇರಿಗೂ ಉಸಿರಾಡೋಕೆ ಜಾಗ ಬೇಕಲ್ವಾ?"

"ಕೇಳಿದ್ರೇನು?" ಎಂದಳು ರೇಣುಕಾ. "ಬೇರಿಗೂ ಉಸಿರಾಡಾಕ ಜಾಗ ಬೇಕಂತ. ಈ ಎರಡು ಕ್ವಾಣ್ಯಾಗ ನಮಗ ಇಲ್ಲದ್ದು ಅದಕ್ಕ ಎಲ್ಲಿಂದ ತರೋಣ?"

ತೂತು ಕೊರೆಯುವುದೆಂದು ತೀರ್ಮಾನವಾಗಿ ಡಬ್ಬಿಗೆ ಮೊದಲ ಮೊಳೆ ಹೊಡೆದ ಕೂಡಲೇ, ಕೆಳಗಿನಿಂದ ಮನೆಯ ಒಡತಿ ಗೋದಾವರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದರು. ಮೊಳೆ ಹೊಡೆಯುವ ಸದ್ದು ಅವರ ಕಿವಿಗೆ ಎಲ್ಲಿದ್ದರೂ ಬೀಳುತ್ತಿತ್ತು. ಮಾಳಿಗೆಗೆ ಹೋದ ವರ್ಷವಷ್ಟೇ ನೀರು ಇಳಿಯದ ಬಿಳಿ ಬಣ್ಣ ಬಳಿಸಿದ್ದರು. ಅದರ ಮೇಲೆ ಮಗುವನ್ನೂ ನಡೆಯಗೊಡುತ್ತಿರಲಿಲ್ಲ.

"ಏಮಂಡಿ ಕಾಶೀನಾಥ್‌ಗಾರು, ಒಕ್ಕ ಚುಕ್ಕ ನೀಳ್ಳು ಮಾ ಸ್ಲ್ಯಾಬ್ ಮೀದ ಪಡಕೂಡದು!" ಒಂದೇ ಒಂದು ಹನಿಯೂ ತಮ್ಮ ಮಾಳಿಗೆಯ ಮೇಲೆ ಬೀಳಕೂಡದು ಎಂಬುದು ಆಜ್ಞೆ. "ಬಿದ್ದರೆ ಡಬ್ಬಿ ರೋಡಿಗೆ" ಎಂಬುದನ್ನು ಅವರು ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ, ಕೈಯಿಂದ ಒಮ್ಮೆ ಹೇಳಿದರು.

ಹೀಗೆ ಕಾಶಿನಾಥ ಇಬ್ಬರು ಹೆಂಗಸರ ನಡುವೆ ಸಿಕ್ಕ. ಡಬ್ಬಿಯಿಂದ ನೀರು ಹೊರಗೆ ಬರಲೇಬೇಕು ಎಂದು ಅಹಲ್ಯಾ. ಒಂದು ಹನಿಯೂ ಬರಕೂಡದು ಎಂದು ಒಡತಿ. ಕೊನೆಗೆ ಡಬ್ಬಿಯ ಬದಲು ತೂತಿರುವ ಮಣ್ಣಿನ ಕುಂಡ ಬಂತು. ಕುಂಡದ ಕೆಳಗೆ ಹಿಟ್ಟು ನಾದಲು ರೇಣುಕಾಳ ತವರಿನವರು ಕೊಟ್ಟ ಅಗಲ ತಟ್ಟೆ, ಪರಾತ ಬಂತು. ಪರಾತದ ಪಕ್ಕದಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದ ಕಾಶಿನಾಥ ಬಂದ. ಅಂದಿನಿಂದ ಅವನ ಬೆಳಗುಗಳೆಲ್ಲ ಅಲ್ಲೇ ಕಳೆದವು.

*

ಇನ್ನು ಮಣ್ಣಿನ ಮಿಶ್ರಣ. ಅಹಲ್ಯಾ ಆಫೀಸಿನಿಂದ ಒಂದು ಕಾಗದ ಮುದ್ರಿಸಿ ತಂದುಕೊಟ್ಟಿದ್ದಳು. ಅದರಲ್ಲಿದ್ದ ಸಾಮಾನುಗಳ ಹೆಸರನ್ನು ನಾಚಾರಂನ ಬೀಜ ಗೊಬ್ಬರದ ಅಂಗಡಿಯಲ್ಲಿ ಓದಿ ಹೇಳಿದಾಗ ಅಂಗಡಿಯವನು ಮೆಡಿಕಲ್ ಶಾಪಿನ ದಾರಿ ತೋರಿಸಿದ.

"ಆ ಪರ್ಲೈಟ್ ಸಿಗದಿದ್ರೆ ಪರ್ವಾಗಿಲ್ಲ ಸರ್" ಎಂದಳು ಅಹಲ್ಯಾ, ಬೆಳಗಿನ ಕ್ಯಾಬ್ ಹತ್ತುವ ಅವಸರದಲ್ಲಿ. "ಬೆಳ್ಳಗೆ, ಹಗುರವಾಗಿ, ಸಣ್ಣ ಕಾಳಿನ ಥರ ಇರುತ್ತೆ. ಮಣ್ಣು ಗಟ್ಟಿಯಾಗದ ಹಾಗೆ ನೋಡ್ಕೊಳ್ಳುತ್ತೆ. ಅಂಥದ್ದೇ ಏನಾದ್ರೂ ನೋಡಿ."

ಬೆಳ್ಳಗೆ, ಹಗುರವಾಗಿ, ಸಣ್ಣ ಕಾಳಿನ ಥರ! ಕಾಶಿನಾಥನಿಗೆ ರೋಮಾಂಚನವಾಯಿತು. ಇಡೀ ನಾಚಾರಂನಲ್ಲಿ ಈ ಮಾತಿಗೆ ಅವನಷ್ಟು ಹತ್ತಿರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಏಕೆಂದರೆ ಅವನು ಸ್ಟೋರ್‌ಕೀಪರ್ ಆಗಿದ್ದ ಕಾರ್ಖಾನೆ ತಯಾರಿಸುತ್ತಿದ್ದದ್ದು, ಕಂಪ್ಯೂಟರುಗಳು ಪೆಟ್ಟಿಗೆಯೊಳಗೆ ಅಲುಗಾಡದಂತೆ ಎರಡು ಬದಿಗೆ ಇಡುವ ಥರ್ಮಾಕೋಲ್ ಅಚ್ಚುಗಳನ್ನು. ಊರೆಲ್ಲ ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುತ್ತಿದ್ದ ಕಾಲ ಅದು, ಕಾರ್ಖಾನೆಗೆ ಬಿಡುವೇ ಇರಲಿಲ್ಲ. (ಊರಿಗೆ ಹೋದಾಗ ಅವನು 'ಕಂಪ್ಯೂಟರ್ ಲೈನಿನ್ಯಾಗ ಅದೀನಿ' ಎನ್ನುತ್ತಿದ್ದ. ಅದೂ ಸುಳ್ಳಲ್ಲ.) ನೆಲಕ್ಕೆ ಉದುರಿ ಹಾಳಾದ ಥರ್ಮಾಕೋಲ್ ಕಾಳುಗಳನ್ನು ಸಾಹುಕಾರರನ್ನು ಕೇಳಿಯೇ ಒಂದು ದೊಡ್ಡ ಚೀಲ ತುಂಬಿಕೊಂಡು ಬಂದ.

ಭಾನುವಾರ ಮಾಳಿಗೆಯ ಮೇಲೆ ಮೃತ್ತಿಕಾ ಮಹಾಯಜ್ಞ ನಡೆಯಿತು. ಎರೆಮಣ್ಣನ್ನು ಕುಟ್ಟಿ ಪುಡಿ ಮಾಡಿ, ಗೊಬ್ಬರ ಬೆರೆಸಿ, ಅದಕ್ಕೆ ಥರ್ಮಾಕೋಲ್ ಕಾಳು ಸುರಿದು, ಅವಲಕ್ಕಿಗೆ ಒಗ್ಗರಣೆ ಕಲಸಿದಂತೆ ಕಲಸಿದ. ನೋಡಲು ಬಹಳ ಚೆಂದವಾಗಿತ್ತು. ಕುಂಡಕ್ಕೆ ತುಂಬಿ, ಮೂರು ಕಡ್ಡಿಗಳನ್ನು ನೆಟ್ಟು, ಒಂದು ತಂಬಿಗೆ ನೀರು ಹಾಕಿದ.

ಮಣ್ಣು ತಳಕ್ಕೆ ಹೋಯಿತು. ಥರ್ಮಾಕೋಲ್ ಅಷ್ಟೂ ತೇಲಿ ಮೇಲೆ ಬಂತು. ಬಂದು, ಕುಂಡದ ಅಂಚನ್ನು ದಾಟಿ, ಸುತ್ತ ಒಮ್ಮೆ ನೋಡಿತು. ಅದೇ ವೇಳೆಗೆ ಮಾಘ ಮಾಸದ ಗಾಳಿ ಬೀಸಿತು.

ಮಾಳಿಗೆಯ ಆ ಬದಿಯಲ್ಲಿ ಗೋದಾವರಿಯಮ್ಮ ಹಳೆಯ ಪಂಚೆಯ ಮೇಲೆ ಸಂಡಿಗೆ ಇಟ್ಟಿದ್ದರು. ಅಕ್ಕಿಸಂಡಿಗೆಯಾಗಿದ್ದರೆ ಹೇಗಾದರೂ ನಡೆಯುತ್ತಿತ್ತು. ಅವರು ಇಟ್ಟದ್ದು ಸಬ್ಬಕ್ಕಿ ಸಂಡಿಗೆ. ಬೆಳ್ಳಗೆ, ಹಗುರವಾಗಿ, ಸಣ್ಣ ಕಾಳಿನ ಥರ.

ಕಾಶಿನಾಥ ಹಾರಿಬಂದ ಕಾಳುಗಳನ್ನು ಒಂದೊಂದಾಗಿ ಹೆಕ್ಕಲು ಕೂತ. ಹೆಕ್ಕಿದ್ದರಲ್ಲಿ ಅರ್ಧ ಸಬ್ಬಕ್ಕಿ, ಬಿಟ್ಟದ್ದರಲ್ಲಿ ಅರ್ಧ ಥರ್ಮಾಕೋಲ್. ಗೋದಾವರಿಯಮ್ಮ ಮೇಲೆ ಬಂದಾಗ ಅವನು ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ಪರೀಕ್ಷಿಸುತ್ತಿದ್ದ.

"ಅಯ್ಯೋ ದೇವುಡಾ! ಮಾ ವಡಿಯಾಲು ಎಂದುಕು ತಿಂಟುನ್ನಾರು?"

ತಾನು ಅವರ ಸಂಡಿಗೆ ಕದ್ದು ತಿನ್ನುತ್ತಿಲ್ಲ, ಅದು ಸಂಡಿಗೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ ಎಂದು ವಿವರಿಸುವಷ್ಟು ತೆಲುಗು ಅವನಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಉಪಯೋಗವಿರಲಿಲ್ಲ. ಪಂಚೆಯ ಸಮೇತ ಸಂಡಿಗೆ ಕಸಕ್ಕೆ ಹೋಯಿತು. ಕುಂಡಕ್ಕೆ ಕೊನೆಯ ಎಚ್ಚರಿಕೆ ಸಿಕ್ಕಿತು. ಕಾಶಿನಾಥ ಮಾಳಿಗೆ ಗುಡಿಸಿದ, ಕೆಳಗಿನ ಮೆಟ್ಟಿಲು ಗುಡಿಸಿದ, ರಸ್ತೆಯನ್ನೂ ಒಂದಿಷ್ಟು ಗುಡಿಸಿದ. ಥರ್ಮಾಕೋಲ್ ಕಾಳುಗಳು ಪೊರಕೆಗೆ ಸಿಗದೆ ಅವನ ಮುಂದೆ ಮುಂದೆ ಓಡಿದವು.

"ಸಾಕು ಬಿಡ್ರಿ" ಎಂದಳು ರೇಣುಕಾ, ಗೋಡೆಗೆ ಒರಗಿ. "ಅವ್ವ ಏನಾರ ಅಂದಕೊಳ್ಳಲಿ. ನನ್ನ ಹಣೆಬರದಾಗ ಹೂವಿಲ್ಲ."

ಮತ್ತೆ ಆ ಸಣ್ಣ ದನಿ. ಕಾಶಿನಾಥ ಪೊರಕೆ ಇಟ್ಟು ಕಾಗದವನ್ನು ಮೊದಲಿನಿಂದ ಓದಿದ.

*

ಎರಡನೆಯ ಸಲ ಅವನು ಅವಸರ ಮಾಡಲಿಲ್ಲ. ಗಾಳಿಯಾಡಲು ಸುಟ್ಟ ಇದ್ದಿಲ ಚೂರು ಆಗುತ್ತದೆಂದು ಅಹಲ್ಯಾ ಒಪ್ಪಿದಳು. ಬೀದಿ ಮೂಲೆಯಲ್ಲಿ ಇಸ್ತ್ರಿ ಗಾಡಿಯ ಹನುಮಂತರಾಯ ದಿನವೂ ಪೆಟ್ಟಿಗೆಯಿಂದ ಝಾಡಿಸಿ ಎಸೆಯುತ್ತಿದ್ದ ಕರಿಯನ್ನು ಕೇಳಿ ತಂದ. ಬೂದಿ ಬೇರೆ, ಚೂರು ಬೇರೆ ಮಾಡಲು ಒಂದು ಜರಡಿ ಬೇಕಿತ್ತು. ಮನೆಯಲ್ಲಿ ಜರಡಿ ಇತ್ತು.

ಆ ಮಧ್ಯಾಹ್ನ ಊಟಕ್ಕೆ ಕೂತು, "ಇವತ್ತೇನು, ರೊಟ್ಟಿಗೆ ಎಳ್ಳು ಹಚ್ಚೀಯೇನು?" ಎಂದು ಸಂತೋಷದಿಂದ ಕೇಳಿದ.

"ಎಳ್ಳಲ್ಲ" ಎಂದಳು ರೇಣುಕಾ. "ನಿಮ್ಮ ಇದ್ದಿಲು. ಜರಡಿ ತೊಳದು ಇಡಬೇಕು ಅನ್ನೋ ಬುದ್ಧಿ ಬ್ಯಾಡೇನು? ಉಣ್ರಿ, ಹೊಟ್ಟ್ಯಾಗೂ ಗಾಳಿ ಆಡಲಿ."

ರಸ್ತೆ ಬದಿಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಿಂದ ಒಡೆದ ಇಟ್ಟಿಗೆ ತಂದು, ಕುಟ್ಟಿ, ಕಡಲೆಕಾಳಿನಷ್ಟು ಮಾಡಿದ. ಮರಳು ತಂದು ತೊಳೆದ. ಎರೆಮಣ್ಣನ್ನು ಬಿಡಲು ಮನಸ್ಸು ಬರದೆ ಒಂದು ಬೊಗಸೆ ಮಾತ್ರ ಹಾಕಿಕೊಂಡ. ಉಳಿದದ್ದು ಒಂದೇ ಸಾಮಾನು: ತೆಂಗಿನ ನಾರು. ನೀರು ನಿಲ್ಲಬಾರದು ಎಂಬುದೇನೋ ಸರಿ, ಆದರೆ ಬೇರಿಗೆ ಬೇಕಾದ ತೇವವನ್ನು ಯಾರಾದರೂ ಹಿಡಿದಿಟ್ಟುಕೊಳ್ಳಬೇಕಲ್ಲ? ಅದು ನಾರಿನ ಕೆಲಸ. ನಾಚಾರಂನಲ್ಲಿ ತೆಂಗಿನಕಾಯಿ ಸಿಗುತ್ತಿತ್ತು, ಸುಲಿದದ್ದು. ನಾರು ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವನನ್ನು ಕೇಳಿದರೆ, "ಹಾಸಿಗೆ ಮಾಡುವವರು ಒಯ್ಯುತ್ತಾರೆ" ಎಂದ.

ಕಾಶಿನಾಥ ಮನೆಗೆ ಬಂದ. ಅಟ್ಟದ ಮೇಲೆ ಸುತ್ತಿಟ್ಟ ಒಂದು ನಾರಿನ ಹಾಸಿಗೆ ಇತ್ತು. ಅತ್ತೆ ಬಂದಾಗ ಹಾಸಲೆಂದು ಮೆಹದಿಪಟ್ಟಣಂ ಸಂತೆಯಲ್ಲಿ ಕೊಂಡು ತಂದದ್ದು. ವರ್ಷಕ್ಕೊಮ್ಮೆ ಬರುವ ಅತ್ತೆಗೆ ಇಡೀ ಹಾಸಿಗೆ. ವರ್ಷವಿಡೀ ಬದುಕಬೇಕಾದ ಮಲ್ಲಿಗೆಗೆ ಒಂದು ಹಿಡಿ ನಾರಿಲ್ಲ. ಇದು ಯಾವ ನ್ಯಾಯ? ರೇಣುಕಾ ಸಂತೆಗೆ ಹೋದ ಹೊತ್ತಿನಲ್ಲಿ ಅವನು ಹಾಸಿಗೆಯ ಹೊಟ್ಟೆಯ ನೀಲಿ ದಾರದ ಹೊಲಿಗೆಯನ್ನು ಬಿಚ್ಚಿದ.

ಒಂದು ಹಿಡಿ ಎಂದು ಕೈಹಾಕಿದ್ದು ಬುಟ್ಟಿಯಾಯಿತು. ನಾರನ್ನು ಕತ್ತರಿಸಿ, ಬಕೀಟಿನಲ್ಲಿ ನೆನೆಹಾಕಿ, ಕಾಗದದಲ್ಲಿ ಬರೆದಂತೆ ನೀರು ಚೆಲ್ಲಿ ಮತ್ತೆ ನೆನೆಹಾಕಿ, ಹಿಂಡಿ ಒಣಗಿಸಿದ. ಹಾಸಿಗೆಯ ನಡುವೆ ಎಮ್ಮೆ ಮಲಗಿ ಎದ್ದ ಹಾಗೆ ತಗ್ಗು ಬಿದ್ದಿತ್ತು. ಅದನ್ನು ತುಂಬಲು ಮನೆಯಲ್ಲಿ ಏನಿದೆ ಎಂದು ಸುತ್ತ ನೋಡಿದ. ಮೂಲೆಯಲ್ಲಿ ಮುಕ್ಕಾಲು ಚೀಲ ಥರ್ಮಾಕೋಲ್ ಕಾಳು ಯಾರಿಗೂ ಬೇಡವಾಗಿ ಕೂತಿತ್ತು. ತುಂಬಿದ, ಹೊಲಿದ, ತಟ್ಟಿದ. ಹಾಸಿಗೆ ಮೊದಲಿಗಿಂತ ದುಂಡಗಾಯಿತು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅಟ್ಟಕ್ಕೆ ಏರಿಸಿದ.

ಮಿಶ್ರಣ ಸಿದ್ಧವಾಯಿತು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು ಎಂದು ಕಾಗದ ಹೇಳಿತ್ತು. ಅವನು ಒತ್ತಿದ, ಉಂಡೆಯಾಯಿತು. ತಟ್ಟಿದ, ಉದುರಿತು. ಮತ್ತೆ ಒತ್ತಿದ, ಮತ್ತೆ ತಟ್ಟಿದ. ಹೆಂಡತಿಯನ್ನು ಕರೆದು ತೋರಿಸಿದ. ಅಹಲ್ಯಾಳನ್ನು ಕರೆದು ತೋರಿಸಿದ. ಅಭ್ಯಾಸ ಎಷ್ಟು ಬಲಿಯಿತೆಂದರೆ ಊಟಕ್ಕೆ ಕೂತಾಗಲೂ ಬೇಳೆ ಸೊಪ್ಪಿನ ಮುದ್ದಿಪಲ್ಯ ಕಲಸಿದ ಅನ್ನವನ್ನು ಮುಷ್ಟಿಯಲ್ಲಿ ಒತ್ತಿ ಬೆರಳಿನಿಂದ ತಟ್ಟಿ ನೋಡುತ್ತಿದ್ದ.

"ಅದು ಅನ್ನ" ಎಂದು ರೇಣುಕಾ ನೆನಪಿಸುತ್ತಿದ್ದಳು.

ಹೊಸ ಮಣ್ಣಿಗೆ ಬಂದ ಮೂರು ಕಡ್ಡಿಗಳು ಕೆಲವು ದಿನ ಸುಮ್ಮನಿದ್ದವು. ಆಮೇಲೆ ಒಂದು ಬೆಳಿಗ್ಗೆ, ಪರಾತದ ನೀರು ಒರೆಸುತ್ತಿದ್ದ ಕಾಶಿನಾಥನ ಕಣ್ಣ ಮಟ್ಟದಲ್ಲಿ, ಕಡ್ಡಿಯ ಗಿಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಶಿವರಾತ್ರಿ ಕಳೆಯುವ ಹೊತ್ತಿಗೆ ಎಲೆಗಳು ಎಣಿಕೆಗೆ ಸಿಗಲಿಲ್ಲ. ಯುಗಾದಿಗೆ ಗಿಡ ಸೊಂಟದೆತ್ತರ, ಕುಂಡ ಕಾಣದಷ್ಟು ಹಸಿರು. ರೇಣುಕಾ ಬೆಳಿಗ್ಗೆ ಎದ್ದವಳು ಮೊದಲು ಮಾಳಿಗೆಗೆ ಹೋಗಿ ಎಲೆಗಳ ಮೇಲೆ ಕೈಯಾಡಿಸಿ ಬರುತ್ತಿದ್ದಳು. ಬಂದು ಮಾಡಿದ ಚಹಾಕ್ಕೆ ಏಲಕ್ಕಿ ಬೀಳುತ್ತಿತ್ತು.

ಇಷ್ಟಾದರೂ ಒಂದೇ ಒಂದು ಕೊರತೆ. ಹೂವಿರಲಿ, ಒಂದು ಮೊಗ್ಗೂ ಇರಲಿಲ್ಲ.

"ಚಿಂತಿ ಬ್ಯಾಡ" ಎಂದ ಕಾಶಿನಾಥ. "ನಿನ್ನೆನೇ ಬಿಡಿಸಿಬಿಟ್ಟೀವಿ ಅಂತ ಹೇಳಿದ್ರಾತು."

*

ಸಾಬಮ್ಮ ಬಂದರು. ಮೂರು ಮಹಡಿಯ ಮೆಟ್ಟಿಲನ್ನು ಅಳಿಯನಿಗಿಂತ ಮುಂದಾಗಿ ಹತ್ತಿದರು. (ನೋಯುವ ಮೊಣಕಾಲಿಗೆ ಇದು ಹೇಗೆ ಸಾಧ್ಯ ಎಂದು ಏದುಸಿರು ಬಿಡುತ್ತಾ, ಅವರ ಚೀಲ ಹೊತ್ತು ಹಿಂದೆ ಬರುತ್ತಿದ್ದ ಕಾಶಿನಾಥನಿಗೆ ಹೊಳೆಯಲಿಲ್ಲ.) ಕಾಲು ತೊಳೆಯುವ ಮೊದಲೇ ಗಿಡದ ಮುಂದೆ ನಿಂತರು. ನೋಡಿದರು. ಸುತ್ತ ತಿರುಗಿ ನೋಡಿದರು. ರೇಣುಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಹೂ ಎಲ್ಲೈತಿ?"

"ನಿನ್ನೆನೇ ಬಿಡಿಸಿದ್ವಿ ನೋಡ್ರಿ ಅತ್ತಿ" ಎಂದ ಕಾಶಿನಾಥ. "ಒಂದು ಉಳೀಲಿಲ್ಲ. ಹಂಚಿಬಿಟ್ವಿ."

ಸಾಬಮ್ಮ 'ಹೂಂ' ಎಂದರು. ಅಷ್ಟೇ. ಊಟ ಮಾಡಿ, "ಒಂದೀಟು ಅಡ್ಡಾಗ್ತೀನಿ" ಎಂದು, ತಮಗಾಗಿ ಹಾಸಿದ್ದ ಹಾಸಿಗೆಯ ಮೇಲೆ ಮಲಗಿದರು.

ಮಲಗಿದ ಕೂಡಲೇ ಹಾಸಿಗೆ 'ಚರ್ರ್' ಎಂದಿತು.

ಹೊರಗೆ ಕೂತಿದ್ದ ಕಾಶಿನಾಥ ಎದ್ದು ಬಾಗಿಲಿಗೆ ಬಂದ. ಸಾಬಮ್ಮ ಎಡಕ್ಕೆ ಹೊರಳಿದರು, ಚರ್ರ್. ಬಲಕ್ಕೆ ಹೊರಳಿದರು, ಕರ್ರ್. ಎದ್ದು ಕೂತರು. ಹಾಸಿಗೆ ನಿಟ್ಟುಸಿರು ಬಿಟ್ಟಿತು.

"ರೇಣುಕಾ, ಇದರಾಗ ಇಲಿ ಮರಿ ಹಾಕೈತೇನ ನೋಡವ್ವ."

"ಇಲ್ಲವ್ವ, ಹೊಸಾ ಹಾಸಿಗಿ ಅದು" ಎನ್ನುತ್ತಾ ರೇಣುಕಾ ಹಾಸಿಗೆಯ ಹೊಟ್ಟೆ ಒತ್ತಿದಳು. ಹೊಲಿಗೆ ಗಂಡಸಿನ ಹೊಲಿಗೆ. ಪಟಪಟನೆ ಬಿಟ್ಟಿತು. ಅಲ್ಲಿಂದ ಬೆಳ್ಳಗೆ, ಹಗುರವಾಗಿ, ಸಣ್ಣ ಕಾಳಿನ ಥರ ಏನೋ ಚಿಮ್ಮಿ, ತಿರುಗುತ್ತಿದ್ದ ಫ್ಯಾನಿನ ಗಾಳಿಗೆ ಕೋಣೆಯ ತುಂಬ ಹಾರಾಡಿತು. ಸಾಬಮ್ಮನ ತುರುಬಿನ ಮೇಲೆ ಎಷ್ಟೋ ಬಂದು ಕೂತವು. ಮಲ್ಲಿಗೆ ಮುಡಿಯಲು ಬಂದ ತಲೆಯ ಮೇಲೆ ಕೊನೆಗೂ ಏನೋ ಒಂದು ಬಿಳಿಯದು ಅರಳಿತ್ತು.

ಸಾಬಮ್ಮ ತುರುಬನ್ನು ಕೊಡವಿಕೊಂಡು ಎದ್ದು, ನೆಟ್ಟಗೆ ಮಾಳಿಗೆಗೆ ಹೋದರು. ಕುಂಡದ ಮಣ್ಣಿನಲ್ಲಿ ಕೈಯಿಟ್ಟು ಒಂದು ಹಿಡಿ ತೆಗೆದು, ಒತ್ತಿ, ತಟ್ಟಿ, ಉದುರಿಸಿದರು. ಉದುರಿದ ಮಣ್ಣಿನಿಂದ ಹಾಸಿಗೆಯ ನೀಲಿ ದಾರದ ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಳಿಯಂದ್ರ."

"ರೀ ಅತ್ತಿ."

"ಸಂಕ್ರಾಂತಿ ಚಳಿಯಾಗ ಬುಟ್ಟಿಗಟ್ಲೆ ಮಲ್ಲಿಗಿ ಬಿಡೋ ಗಿಡ ನಾನು ಹುಟ್ಟಿದಾಗಿಂದ ಕಂಡಿಲ್ಲ. ಅದೆಂಥಾದ್ದು ನೋಡೋಣ ಅಂತನೇ ಬಂದೀನಿ. ನನ್ನ ಮೊಣಕಾಲಿಗೆ ಏನಾಗೈತಿ, ಕಲ್ಲಿನಂಗ ಅದಾವ."

ಕಾಶಿನಾಥ ಗಿಡದ ಹಿಂದೆ ನಿಲ್ಲಲು ನೋಡಿದ. ಗಿಡ ಅಷ್ಟು ದಟ್ಟವಾಗಿತ್ತು, ಆದರೆ ಅವನಷ್ಟು ಅಗಲವಾಗಿರಲಿಲ್ಲ.

ಸಾಬಮ್ಮ ಮಗಳ ಕಡೆ ತಿರುಗಿದರು. ರೇಣುಕಾ ಆ ಹಳೆಯ ಮಾತಿಗೆ ಕಾಯುತ್ತಾ ತಲೆ ತಗ್ಗಿಸಿದಳು. "ಬೇರು ಚಲೋ ಊರ್‍ಯಾವ. ಎಲಿ ನೋಡು, ಎಣ್ಣಿ ಹಚ್ಚಿದಂಗ ಅದಾವ. ನಿಮ್ಮಕ್ಕಂದಿರ ಗಿಡನೂ ಹಿಂಗಿಲ್ಲ. ನಿನ್ನ ಕೈ ಭಾಳ ಚಲೋ ಐತಿ ಬಿಡವ್ವ."

ರೇಣುಕಾಳ ಕಣ್ಣು ತುಂಬಿತು. ಇದ್ದಿಲು ಜರಡಿ ಹಿಡಿದ, ಇಟ್ಟಿಗೆ ಕುಟ್ಟಿದ, ಪರಾತ ಒರೆಸಿದ ತನ್ನ ಎರಡು ಕೈಗಳನ್ನು ಕಾಶಿನಾಥ ಒಮ್ಮೆ ನೋಡಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ. ಇರಲಿ. ಮಾತು ಕೊಟ್ಟದ್ದು ಇದಕ್ಕೇ ತಾನೆ?

"ಆದ್ರ ಸೊಕ್ಕೈತಿ" ಎಂದರು ಸಾಬಮ್ಮ. "ಭಾಳ ಉಣಿಸೀರಿ, ಭಾಳ ಕುಡಿಸೀರಿ. ಸುಖಾ ಹೆಚ್ಚಾಗಿ ಹೂ ಬಿಡೋದು ಮರತೈತಿ." ಎಂದವರೇ ಸೀರೆ ಮೇಲೆ ಸಿಕ್ಕಿಸಿ ಗಿಡದ ಮುಂದೆ ಕೂತು, ಎಲೆಗಳನ್ನು ಬುಡದಿಂದ ತುದಿಯವರೆಗೆ ಸರಸರನೆ ಸವರತೊಡಗಿದರು.

"ಅತ್ತಿ! ಅತ್ತಿ, ಏನ್ ಮಾಡಾಕತ್ತೀರಿ!"

"ಸುಮ್ನಿರ್ರಿ."

ಎಲೆಗಳೆಲ್ಲ ಕೆಳಗೆ ಬಿದ್ದವು. ಎಳೆಯ ಟೊಂಗೆಗಳೂ ಬಿದ್ದವು. ಸಾಬಮ್ಮ ಸೊಂಟ ಹಿಡಿದು ಎದ್ದು ನಿಂತಾಗ ಕುಂಡದಲ್ಲಿ ಉಳಿದದ್ದು ಮೂರು ಕಡ್ಡಿ. ಸಂಕ್ರಾಂತಿಯ ಬೆಳಿಗ್ಗೆ ಡಬ್ಬಿಯಲ್ಲಿದ್ದವಲ್ಲ, ಅವೇ ಮೂರು. ಅಂದು ಒಂದು ಹಳದಿ ಎಲೆಯಾದರೂ ಇತ್ತು.

"ಇನ್ನ ನೀರು ಕಟ್ಟು ಮಾಡ್ರಿ. ಒಣಗಿ ಕಂಗಾಲಾಗಲಿ. ಆಮ್ಯಾಲ ಒಂದು ಸಲ ನೀರು ಕೊಟ್ರ, ಚಿಗುರಿಗೊಂದು ಮೊಗ್ಗು ಹಿಡಕೊಂಡೇ ಬರ್ತೈತಿ."

"ಎಷ್ಟು ದಿನ ಬೇಕ್ರಿ ಅತ್ತಿ?" ಕಾಶಿನಾಥ ಬಿದ್ದ ಎಲೆಗಳನ್ನು ಗುಡ್ಡೆ ಮಾಡುತ್ತಾ ಕೇಳಿದ.

"ಬಂದಾಗ ಬರ್ತೈತಿ. ಹೂ ಮುಡೀಲಾರದ ನಾ ಹೋಗಂಗಿಲ್ಲ."

ಆ ದಿನದಿಂದ ಕಾಶಿನಾಥನ ಹತ್ತಿಯ ಹಾಸಿಗೆ ಸಾಬಮ್ಮನಿಗೆ ಹೋಯಿತು. ಥರ್ಮಾಕೋಲ್ ಹಾಸಿಗೆ ಕಾಶಿನಾಥನಿಗೆ ಬಂತು. ಮಗ್ಗುಲು ಬದಲಿಸಿದರೆ ಚರ್ರ್, ಉಸಿರು ಬಿಟ್ಟರೆ ಕರ್ರ್. ಪಕ್ಕದ ಕೋಣೆಯಿಂದ, "ಎಚ್ಚರಾದಂಗ ಕಾಣ್ತೈತಿ, ಎದ್ದು ಮಲ್ಲಿಗಿ ನೋಡಿ ಬರ್ರಿ ಅಳಿಯಂದ್ರ" ಎಂಬ ಕರೆ. ಅವನು ಎದ್ದು ಹೋಗುತ್ತಿದ್ದ. ಕಡ್ಡಿಗಳನ್ನು ನೋಡುತ್ತಿದ್ದ. ಕಡ್ಡಿಗಳು ಅವನನ್ನು ನೋಡುತ್ತಿದ್ದವು. ಸಾಬಮ್ಮನ ಚೀಲ ಅಟ್ಟದ ಮೇಲೆ, ಅವನು ಹಾಸಿಗೆ ಸುತ್ತಿಡುತ್ತಿದ್ದ ಜಾಗದಲ್ಲಿ, ನೆಮ್ಮದಿಯಾಗಿ ಕೂತ ಹಾಗಿತ್ತು.

ಮನುಷ್ಯ ಹೂವಿಗಾಗಿ ಅಷ್ಟು ಕಾದದ್ದು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಬಿಸಿಲು ಏರಿತು. ನೀರು ಕೊಟ್ಟದ್ದಾಯಿತು. ಚಿಗುರು ಬಂತು. ಕೊನೆಗೆ ಒಂದು ಬೆಳಿಗ್ಗೆ ಪ್ರತಿ ಚಿಗುರಿನ ತುದಿಯಲ್ಲೂ ಅಕ್ಕಿಕಾಳಿನಂಥ ಮೊಗ್ಗುಗಳು! ಕಾಶಿನಾಥ ಬನಿಯನ್ನಿನಲ್ಲೇ ಮೂರೂ ಮಹಡಿ ಇಳಿದು, ಅಹಲ್ಯಾಳ ಬಾಗಿಲು ಬಡಿದು, ಗೋದಾವರಿಯಮ್ಮನ ಬಾಗಿಲು ಬಡಿದು, ಮೇಲೆ ಓಡಿ ಬಂದ.

ಮುಂದಿನ ದಿನಗಳಲ್ಲಿ ಹೂ ಅರಳಿತು. ಬುಟ್ಟಿಗಟ್ಲೆ ಅಲ್ಲ, ಆದರೆ ಒಂದು ಬಟ್ಟಲು ತುಂಬ. ರೇಣುಕಾ ಕಟ್ಟಿದಳು. ಸಾಬಮ್ಮ ಮುಡಿದರು. ಕೆಳಗಿನ ಮನೆಯವರಿಗೂ ನಿಜವಾಗಿ ಹಂಚಿದ್ದಾಯಿತು. ಕಾಶಿನಾಥ ಸಂಕ್ರಾಂತಿಯಂದು ಹೇಳಿದ್ದು ಕೊನೆಗೂ ಸುಳ್ಳಾಗಿ ಉಳಿಯಲಿಲ್ಲ.

ಅದೇ ಸಂಜೆ ಸಾಬಮ್ಮ, "ಅಳಿಯಂದ್ರ, ನನ್ನ ಚೀಲ ಇಳಿಸ್ರಿ" ಎಂದರು.

ಕಾಶಿನಾಥ ಏಣಿಯನ್ನೂ ಕಾಯಲಿಲ್ಲ. ಕುರ್ಚಿಯ ಮೇಲೆ ಡಬ್ಬಿ ಇಟ್ಟು ಹತ್ತಿ ಚೀಲ ಇಳಿಸಿದ. ಧೂಳು ಒರೆಸಿದ. "ಬಸ್ಸು ಬೆಳಿಗ್ಗೆ ಐತ್ರಿ ಅತ್ತಿ, ನಾನೇ ಹತ್ತಿಸಿ ಬರ್ತೀನಿ" ಎಂದ. ದನಿಯಲ್ಲಿ ದುಃಖ ತರಲು ಬಹಳ ಪ್ರಯತ್ನಪಟ್ಟ.

"ಯಾವ ಬಸ್ಸು?" ಸಾಬಮ್ಮ ಚೀಲವನ್ನು ತಲೆಕೆಳಗು ಮಾಡಿ, ಒಳಗಿದ್ದ ಒಂದು ಸೀರೆಯನ್ನು ಗೂಟಕ್ಕೆ ಹಾಕಿ, ಖಾಲಿ ಚೀಲವನ್ನು ಅಳಿಯನ ಕೈಗೇ ವಾಪಸು ಕೊಟ್ಟರು. "ಹನುಮಂತರಾಯನ ಗಾಡಿ ಮುಚ್ಚೋದ್ರೊಳಗ ಹೋಗಿ ಇದ್ದಿಲು ತುಂಬಿಸ್ಕೊಂಡು ಬರ್ರಿ. ಬರೋವಾಗ ಇಟ್ಟಿಗಿನೂ ತರ್ರಿ."

ಬಾಗಿಲಲ್ಲಿ ಗೋದಾವರಿಯಮ್ಮ ನಿಂತಿದ್ದರು. ತಲೆಯಲ್ಲಿ ಮಲ್ಲಿಗೆ, ಮುಖದಲ್ಲಿ ಅವನು ಎಂದೂ ನೋಡಿರದ ನಗು, ಎರಡು ಕಂಕುಳಲ್ಲಿ ಎರಡು ಖಾಲಿ ಕುಂಡ. ಅವರ ಹಿಂದೆ ಮೆಟ್ಟಿಲ ಮೇಲೆ ಇನ್ನೂ ಆರೇಳು ಕುಂಡಗಳು ಸಾಲಾಗಿ ಕೂತು ಸರದಿ ಕಾಯುತ್ತಿದ್ದವು.

"ಮೀ ಅತ್ತಗಾರು ಚೆಪ್ಪಾರಂಡಿ" ಎಂದರು ಗೋದಾವರಿಯಮ್ಮ. ಅತ್ತೆ ಎಲ್ಲವನ್ನೂ ಹೇಳಿದ್ದರು, ಮಣ್ಣು ಕಲಸುವುದು ಅಳಿಯನ ಕೈಯಿಂದಲೇ ಆಗಬೇಕೆಂದೂ ಹೇಳಿದ್ದರು. ಇಷ್ಟು ಕುಂಡಗಳಲ್ಲಿ ಹೂ ಬಿಡುವವರೆಗೂ ತಾವು ಇಲ್ಲೇ ಇದ್ದು ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಮಾಳಿಗೆಯ ಮೇಲೆ ನೀರು ಬೀಳುವ ವಿಷಯ ಯಾರೂ ಎತ್ತಲಿಲ್ಲ. ಒರೆಸುವವನು ಇದ್ದೇ ಇದ್ದಾನಲ್ಲ.

"ಅಲ್ರಿ ಅತ್ತಿ, ಇಷ್ಟು ಕುಂಡಕ್ಕ ನಾರು ಎಲ್ಲಿಂದ ತರೋದು?" ಕಾಶಿನಾಥನ ದನಿ ಸಣ್ಣಗಾಗಿತ್ತು.

ಸಾಬಮ್ಮ ಒಳಗಿನ ಕೋಣೆಯ ಕಡೆ ಕೈ ತೋರಿಸಿದರು. ಅಲ್ಲಿ ರೇಣುಕಾ ಆಗಲೇ ಅವನ ನಾರಿನ ಹಾಸಿಗೆಯನ್ನು ಮಡಚಿ, ಕತ್ತರಿ ಹುಡುಕುತ್ತಿದ್ದಳು. ಹಾಸಿಗೆ ಕೊನೆಯ ಸಲ 'ಚರ್ರ್' ಎಂದಿತು.